ನಿಮ್ಮ ಬ್ಯಾಟ್ರಿಯ ಬೆಳಕನ್ನು ಅಳೆದಿದ್ದೀರಾ?

ಮಕ್ಕಳೇ, ಟಾರ್ಚಿಗೆ ನಮ್ಮ ಕಡೆ ‘ಬ್ಯಾಟ್ರಿ’ ಎನ್ನುತ್ತಾರೆ. ಒಳಗೆ ಹಾಕುವುದು ಸೆಲ್ಲು, ಕೈಯಲ್ಲಿ ಹಿಡಿಯುವುದು ಬ್ಯಾಟ್ರಿ. ಈ ಲೇಖನದಲ್ಲಿ ನಾನೂ ಹಾಗೆಯೇ ಕರೆಯುತ್ತೇನೆ.

ಅಬ್ಬೆತುಮಕೂರು ಎಂದರೆ ಯಾದಗಿರಿ ಸೀಮೆಯವರಿಗೆ ವಿಶ್ವಾರಾಧ್ಯರ ಮಠ ನೆನಪಾಗುತ್ತದೆ, ಜಾತ್ರೆ ನೆನಪಾಗುತ್ತದೆ. ಜಾತ್ರೆ ಎಂದ ಮೇಲೆ ಬೆಂಡು ಬತ್ತಾಸು, ಬಳೆ, ಆಟಿಕೆಗಳ ಜೊತೆಗೆ ಬ್ಯಾಟ್ರಿಗಳ ಅಂಗಡಿಯೂ ಇರಬೇಕಲ್ಲ! ಆ ಊರಿನ ಏಳನೇ ತರಗತಿಯ ಹುಡುಗನೊಬ್ಬ ಒಂದು ಜಾತ್ರೆಯಲ್ಲಿ ಕೊಂಡ ಬ್ಯಾಟ್ರಿಯನ್ನು ನನ್ನ ಮುಂದೆ ಇಟ್ಟು ಹೀಗೆಂದ: “ಸರ್, ಡಬ್ಬಿ ಮ್ಯಾಲ ಸಾವಿರ ಲ್ಯೂಮೆನ್ ಅಂತ ಬರದಾರ್ರಿ. ಅಪ್ಪ ಹೊಲಕ್ಕ ಒಯ್ದರ ಅರ್ಧಾ ತಾಸಿನಾಗ ಮಂಕಾಗ್ತದ್ರಿ. ಯಾಕ್ರಿ?”

ಇದು ಸಣ್ಣ ಪ್ರಶ್ನೆಯಲ್ಲ. ಪಂಪ್‌ಸೆಟ್ಟಿಗೆ ರಾತ್ರಿ ಕರೆಂಟು ಬಂದರೆ ನಿಮ್ಮ ಅಪ್ಪನೋ ಕಾಕಾನೋ ನೀರು ತಿರುವಲು ರಾತ್ರಿಯೇ ಹೊಲಕ್ಕೆ ಹೋಗಬೇಕು. ಬದುವಿನ ಮೇಲೆ ನಾಗರಹಾವು, ಕೊಳಕುಮಂಡಲ ಓಡಾಡುವ ಹೊತ್ತು ಅದು. 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಅವರಲ್ಲಿ ಹೆಚ್ಚಿನವರು ಹಳ್ಳಿಯವರು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಅಂದರೆ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು. ಹೀಗಿರುವಾಗ ಕೈಯಲ್ಲಿರುವ ಬ್ಯಾಟ್ರಿ ಅರ್ಧ ದಾರಿಯಲ್ಲಿ ಮಂಕಾದರೆ ಏನಾದೀತು, ನೀವೇ ಯೋಚಿಸಿ.

ಆ ಹುಡುಗ ಮತ್ತು ಅವನ ಗೆಳೆಯರ ಜೊತೆ ಸೇರಿ ನಾವೇ ಬ್ಯಾಟ್ರಿ ಮಾಡಿದೆವು, ಅದನ್ನೂ ಜಾತ್ರೆಯ ಬ್ಯಾಟ್ರಿಯನ್ನೂ ಅಳೆದೆವು. ನೀವೂ ಮಾಡಬಹುದು.

ಮೊದಲು ಆ ‘ಸಾವಿರ’

ಲ್ಯೂಮೆನ್ ಎಂದರೆ ಒಂದು ದೀಪ ಎಲ್ಲ ದಿಕ್ಕಿಗೂ ಚೆಲ್ಲುವ ಒಟ್ಟು ಬೆಳಕಿನ ಅಳತೆ. ಒಂದು ಸಾಧಾರಣ ಮೇಣದಬತ್ತಿಯ ಒಟ್ಟು ಬೆಳಕು ಸುಮಾರು 12 ಲ್ಯೂಮೆನ್. ನಿಮ್ಮ ಮನೆಯ 9 ವಾಟ್ ಎಲ್‌ಇಡಿ ಬಲ್ಬು ಸುಮಾರು 900 ಲ್ಯೂಮೆನ್ ಕೊಡುತ್ತದೆ.

ಈಗ ಲೆಕ್ಕ ಹಾಕಿ. ಸಾವಿರ ಲ್ಯೂಮೆನ್ ಬೇಕೆಂದರೆ ಸುಮಾರು 10 ವಾಟ್ ಶಕ್ತಿ ಬೇಕು. ಆ ಬ್ಯಾಟ್ರಿಯೊಳಗೆ ಇದ್ದದ್ದು ಮೂರು ಸಣ್ಣ ಪೆನ್ಸಿಲ್ ಸೆಲ್. ಒಂದೊಂದು ಒಂದೂವರೆ ವೋಲ್ಟ್, ಒಟ್ಟು 4.5 ವೋಲ್ಟ್. 10 ವಾಟ್ ಬರಬೇಕಾದರೆ ಅವು 2 ಆಂಪಿಯರ್‌ಗೂ ಹೆಚ್ಚು ಪ್ರವಾಹ ಕೊಡಬೇಕು. ಕಿರುಬೆರಳಿಗಿಂತ ಸಣ್ಣ ಸೆಲ್ಲಿಗೆ ಅದು ಆಗುವ ಮಾತಲ್ಲ. ಡಬ್ಬಿ ಬಿಚ್ಚುವ ಮೊದಲೇ ಭಾಗಾಕಾರದಿಂದ ಇಷ್ಟು ತಿಳಿಯಿತು. ಹಾಗಾದರೆ ನಿಜವಾಗಿ ಅದು ಎಷ್ಟು ಬೆಳಕು ಕೊಡುತ್ತದೆ? ಅದಕ್ಕೆ ಅಳತೆಯೇ ಬೇಕು.

ಎಲ್‌ಇಡಿಯ ಒಳಗೆ

ಎಲ್‌ಇಡಿ ಎಂದರೆ ಬೆಳಕು ಸೂಸುವ ಡಯೋಡ್. ಹಳೆಯ ಬಲ್ಬಿನಲ್ಲಿ ತಂತಿ ಕಾದು ಕೆಂಡವಾಗಿ ಬೆಳಗುತ್ತಿತ್ತು. ಇದರಲ್ಲಿ ತಂತಿಯಿಲ್ಲ. ಸಾಸಿವೆ ಕಾಳಿನಷ್ಟು ಪುಟ್ಟ ಅರೆವಾಹಕದ ಹರಳಿನ ಮೂಲಕ ವಿದ್ಯುತ್ ಹರಿದಾಗ ಆ ಹರಳೇ ಬೆಳಕು ಕೊಡುತ್ತದೆ. ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲಿ ಕೆಂಪು ಎಲ್‌ಇಡಿ ಮಾಡಿದರು. ನೀಲಿ ಬಣ್ಣ ಮಾತ್ರ ಬಹಳ ವರ್ಷ ಕೈಗೆ ಸಿಗಲಿಲ್ಲ. ಜಪಾನಿನಲ್ಲಿ ಹುಟ್ಟಿ ಬೆಳೆದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಾಮುರಾ ಪಟ್ಟು ಹಿಡಿದು ದುಡಿದು ಅದನ್ನು ಸಾಧಿಸಿದರು. 2014ರಲ್ಲಿ ಈ ಮೂವರಿಗೂ ಭೌತವಿಜ್ಞಾನದ ನೊಬೆಲ್ ಬಹುಮಾನ ಬಂತು.

ನೀಲಿ ಬಂದದ್ದಕ್ಕೆ ಅಷ್ಟು ಸಂಭ್ರಮವೇಕೆ? ನೀಲಿ ಹರಳಿನ ಮೇಲೆ ಹಳದಿ ಬೆಳಕು ಕೊಡುವ ಒಂದು ಪುಡಿ ಲೇಪಿಸಿದರೆ ನೀಲಿ, ಹಳದಿ ಬೆರೆತು ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಆರಿಸಿದ ಬ್ಯಾಟ್ರಿಯ ಗಾಜಿನೊಳಗೆ ಇಣುಕಿ ನೋಡಿ, ನಡುವೆ ಹಳದಿ ಚುಕ್ಕೆ ಕಾಣುತ್ತದೆ. ಅದೇ ಆ ಪುಡಿ. ನೆನಪಿರಲಿ, ಇಣುಕುವುದು ಆರಿಸಿದ ಮೇಲೆ. ಉರಿಯುವ ಎಲ್‌ಇಡಿಯನ್ನು ನೇರವಾಗಿ ನೋಡಬಾರದು, ಗೆಳೆಯರ ಕಣ್ಣಿಗೆ ಬಿಡಲೂಬಾರದು.

ಪುಟ್ಟ ಬ್ಯಾಟ್ರಿ ಮಾಡೋಣ

ಬೇಕಾಗುವ ಸಾಮಗ್ರಿ: ಬಟಾಣಿ ಗಾತ್ರದ ಬಿಳಿ ಎಲ್‌ಇಡಿ ಒಂದು, ಪೆನ್ಸಿಲ್ ಸೆಲ್ ಮೂರು, ಸೆಲ್ ಕೂಡಿಸುವ ಪ್ಲಾಸ್ಟಿಕ್ ಡಬ್ಬಿ, ವೈರು, ಸ್ವಿಚ್ಚು ಮತ್ತು 68 ಓಮ್‌ನ ಒಂದು ರೋಧಕ. ರೇಡಿಯೋ ರಿಪೇರಿ ಅಂಗಡಿಯಲ್ಲಿ ರೆಸಿಸ್ಟರ್ ಎಂದು ಕೇಳಿದರೆ ಕೊಡುತ್ತಾರೆ. ಮೇಲೆ ನೀಲಿ, ಬೂದು, ಕಪ್ಪು ಪಟ್ಟೆ ಇದ್ದರೆ ಅದು 68 ಓಮ್.

ರೋಧಕ ಏಕೆ ಬೇಕು? ಎಲ್‌ಇಡಿಗೆ ಹಸಿವು ತಡೆಯಲು ಬಾರದು. ವೋಲ್ಟೇಜ್ ಸ್ವಲ್ಪ ಹೆಚ್ಚಾದರೂ ಅದು ಬೇಕಾದದ್ದಕ್ಕಿಂತ ಬಹಳ ಹೆಚ್ಚು ಪ್ರವಾಹ ಎಳೆದುಕೊಂಡು ಸುಟ್ಟುಹೋಗಬಹುದು. ಕಾಲುವೆಗೆ ತೂಬು ಇದ್ದಂತೆ ಇದಕ್ಕೆ ರೋಧಕ. ಸೆಲ್ಲುಗಳು ಕೊಡುವುದು 4.5 ವೋಲ್ಟ್, ಎಲ್‌ಇಡಿಗೆ ಬೇಕಾದದ್ದು ಸುಮಾರು 3.1 ವೋಲ್ಟ್. ಉಳಿದ 1.4 ವೋಲ್ಟನ್ನು ರೋಧಕ ಹೊರಬೇಕು. ಈ ಎಲ್‌ಇಡಿಗೆ ಸಾಕಾಗುವ ಪ್ರವಾಹ 20 ಮಿಲಿಆಂಪಿಯರ್, ಅಂದರೆ 0.02 ಆಂಪಿಯರ್. ಓಮನ ನಿಯಮದಂತೆ 1.4ನ್ನು 0.02ರಿಂದ ಭಾಗಿಸಿದರೆ 70 ಬರುತ್ತದೆ. ಅಂಗಡಿಯಲ್ಲಿ ಸಿಗುವ ಹತ್ತಿರದ ಬೆಲೆ 68.

ಎಲ್‌ಇಡಿಯ ಉದ್ದ ಕಾಲು ಧನ, ಗಿಡ್ಡ ಕಾಲು ಋಣ. ತಿರುವು ಮುರುವು ಜೋಡಿಸಿದರೆ ಹೊತ್ತುವುದಿಲ್ಲ. ಬಹಳಷ್ಟು ಮಕ್ಕಳು ಇಲ್ಲೇ ಎಡವುತ್ತಾರೆ. ಒಮ್ಮೆ ನಾನೂ ಎಲ್ಲರ ಮುಂದೆ ತಿರುಗಾ ಜೋಡಿಸಿ, ಸೆಲ್ಲು ಸತ್ತಿದೆ ಎಂದು ಹೇಳಿ ನಗೆಪಾಟಲಾಗಿದ್ದೇನೆ.

ಎಣ್ಣೆ ಚುಕ್ಕೆಯ ತಕ್ಕಡಿ

ಬೆಳಕನ್ನು ಅಳೆಯಲು ದುಬಾರಿ ಉಪಕರಣಗಳಿವೆ. ನಮಗೆ ಒಂದು ಬಿಳಿ ಹಾಳೆ ಮತ್ತು ಒಂದು ಹನಿ ಒಳ್ಳೆಣ್ಣೆ ಸಾಕು. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಬುನ್ಸೆನ್ ಬರ್ನರ್ ನೋಡುತ್ತೀರಲ್ಲ, ಆ ಹೆಸರಿನ ಜರ್ಮನ್ ವಿಜ್ಞಾನಿ ರಾಬರ್ಟ್ ಬುನ್ಸೆನ್ 19ನೇ ಶತಮಾನದಲ್ಲಿ ಬಳಕೆಗೆ ತಂದ ಉಪಾಯವಿದು.

ಹಾಳೆಯ ನಡುವೆ ಎಣ್ಣೆ ಹನಿಸಿ ಒರೆಸಿ. ಎಣ್ಣೆ ಕುಡಿದ ಜಾಗ ಬೆಳಕನ್ನು ಆಚೆಗೆ ಬಿಡುತ್ತದೆ. ಹಾಳೆಯ ಹಿಂದೆ ಬೆಳಕು ಹೆಚ್ಚಿದ್ದರೆ ಚುಕ್ಕೆ ಹೊಳೆಯುತ್ತದೆ. ಮುಂದೆ ಬೆಳಕು ಹೆಚ್ಚಿದ್ದರೆ ಚುಕ್ಕೆ ಕಪ್ಪಾಗಿ ಕಾಣುತ್ತದೆ. ಎರಡೂ ಕಡೆ ಸಮನಾದಾಗ? ಚುಕ್ಕೆ ಮಾಯ!

ಕತ್ತಲೆ ಕೋಣೆಯಲ್ಲಿ ಹಾಳೆಯನ್ನು ನೆಟ್ಟಗೆ ನಿಲ್ಲಿಸಿ. ಒಂದು ಬದಿಗೆ 20 ಸೆಂ.ಮೀ. ದೂರದಲ್ಲಿ ಉರಿಯುವ ಮೇಣದಬತ್ತಿ ಇಡಿ. ಇದಕ್ಕೆ ಗುರುಗಳು ಜೊತೆಗಿರಬೇಕು. ಇನ್ನೊಂದು ಬದಿಯಿಂದ ಬ್ಯಾಟ್ರಿಯ ಬೆಳಕು ಚುಕ್ಕೆಗೆ ಬೀಳಲಿ. ಬ್ಯಾಟ್ರಿಯನ್ನು ಹಿಂದೆ ಮುಂದೆ ಸರಿಸುತ್ತ ಚುಕ್ಕೆ ಮಾಯವಾಗುವ ಜಾಗ ಹುಡುಕಿ. ಎಲ್‌ಇಡಿಯ ಬೆಳಕು ನೀಲಿ, ಬತ್ತಿಯದು ಹಳದಿ. ಹಾಗಾಗಿ ಚುಕ್ಕೆ ಪೂರ್ತಿ ಮಾಯವಾಗುವುದಿಲ್ಲ. ಅದರ ಅಂಚು ಎಲ್ಲಿ ಅತಿ ಮಸುಕಾಗುವುದೋ ಅಲ್ಲಿ ನಿಲ್ಲಿಸಿ. ಹಾಳೆಯ ಎರಡೂ ಬದಿಯಿಂದ ನೋಡಿ, ಸ್ವಲ್ಪ ವ್ಯತ್ಯಾಸ ಬಂದರೆ ನಡುವಿನ ದೂರ ಹಿಡಿಯಿರಿ. ಮೂವರು ಬೇರೆ ಬೇರೆಯಾಗಿ ಅಳೆದು ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು.

ದೂರ ಎರಡು ಪಟ್ಟಾದರೆ ಬೆಳಕು ಅರ್ಧವಲ್ಲ, ಕಾಲು ಭಾಗವಾಗುತ್ತದೆ. ಅದೇ ಬೆಳಕು ಎರಡು ಪಟ್ಟು ಅಗಲಕ್ಕೂ ಎರಡು ಪಟ್ಟು ಎತ್ತರಕ್ಕೂ ಹರಡಬೇಕಲ್ಲವೇ? ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗ. ನಮ್ಮ ಪುಟ್ಟ ಬ್ಯಾಟ್ರಿಯ ಚುಕ್ಕೆ ಸುಮಾರು 63 ಸೆಂ.ಮೀ.ನಲ್ಲಿ ಮಾಯವಾಯಿತು. ಮೇಣದಬತ್ತಿಯ ದೂರದ 3 ಪಟ್ಟಿಗಿಂತ ಸ್ವಲ್ಪ ಹೆಚ್ಚು. ಹಾಗಾದರೆ ಮುಂದಿನ ದಿಕ್ಕಿಗೆ ಅದು ಸುಮಾರು 10 ಮೇಣದಬತ್ತಿಗೆ ಸಮ.

ಇಲ್ಲೊಂದು ಸೋಜಿಗವಿದೆ. ಈ ಪುಟ್ಟ ಎಲ್‌ಇಡಿಯ ಒಟ್ಟು ಬೆಳಕು ಹೆಚ್ಚೆಂದರೆ ಐದಾರು ಲ್ಯೂಮೆನ್. ಮೇಣದಬತ್ತಿಯ ಅರ್ಧ! ಆದರೂ 10 ಬತ್ತಿಯಂತೆ ಕಾಣುವುದೇಕೆ? ಬತ್ತಿ ಸುತ್ತಲೂ ಚೆಲ್ಲುತ್ತದೆ. ಎಲ್‌ಇಡಿ ತನ್ನಲ್ಲಿರುವುದನ್ನೆಲ್ಲ ಒಂದೇ ಕಡೆ ಸುರಿಯುತ್ತದೆ. ಒಟ್ಟು ಬೆಳಕು ಬೇರೆ, ಒಂದು ದಿಕ್ಕಿನ ತೀವ್ರತೆ ಬೇರೆ. ಅಂಗಡಿಯವರು ಗೋಡೆಗೆ ಬ್ಯಾಟ್ರಿ ಬಿಟ್ಟು ತೋರಿಸುವಾಗ ನಮ್ಮ ಕಣ್ಣು ನೋಡುವುದು ನಡುವಿನ ಆ ಹೊಳಪಿನ ವೃತ್ತವನ್ನು ಮಾತ್ರ.

ಈ 10 ಬತ್ತಿಯ ಬೆಳಕು ಹೊಲದಲ್ಲಿ ಸಾಕೇ? 5 ಮೀಟರ್ ಆಚೆ ಅದು 25ರಲ್ಲಿ ಒಂದು ಭಾಗವಾಗುತ್ತದೆ, ಅಂದರೆ 0.4 ಲಕ್ಸ್. ಒಂದು ಮೇಣದಬತ್ತಿ ಒಂದು ಮೀಟರ್ ದೂರದಲ್ಲಿ ಕೊಡುವ ಬೆಳಕೇ ಸುಮಾರು 1 ಲಕ್ಸ್. ಹುಣ್ಣಿಮೆಯ ಬೆಳದಿಂಗಳು ಸುಮಾರು 0.25 ಲಕ್ಸ್. ಐದು ಮೀಟರ್ ದೂರದಲ್ಲಿ ನಮ್ಮ ಪುಟ್ಟ ಬ್ಯಾಟ್ರಿ ಬೆಳದಿಂಗಳಿಗಿಂತ ತುಸು ಮೇಲು, ಅಷ್ಟೇ. ಓದಲು, ಕೀಲಿ ಹುಡುಕಲು ಅಡ್ಡಿಯಿಲ್ಲ. ಬದುವಿನ ಮೇಲೆ ನಡೆಯಲು ಸಾಲದು.

ದೊಡ್ಡ ಎಲ್‌ಇಡಿ, ದೊಡ್ಡ ಬಿಸಿ

ಹಾಗಾಗಿ 1 ವಾಟ್‌ನ ಎಲ್‌ಇಡಿ ತಂದೆವು. ರೂಪಾಯಿ ನಾಣ್ಯದಷ್ಟು ಅಗಲದ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಕೂತು ಬರುತ್ತದೆ. ಅದಕ್ಕೆ ಮೂರು ದೊಡ್ಡ ಸೆಲ್, 3.9 ಓಮ್‌ನ 1 ವಾಟ್ ರೋಧಕ. ಇದರ ಒಟ್ಟು ಬೆಳಕು 100 ಲ್ಯೂಮೆನ್‌ಗೆ ಹತ್ತಿರ. ಮುಂದೆ ಮಸೂರವಿಲ್ಲದ ಕಾರಣ ಬೆಳಕು ಅಗಲವಾಗಿ ಹರಡುತ್ತದೆ.

“ಎಲ್‌ಇಡಿ ಬಿಸಿಯಾಗುವುದಿಲ್ಲ” ಎಂದು ಬಹಳ ಜನ ಹೇಳುತ್ತಾರೆ. ನಾನೂ ಕಾಲೇಜಿನಿಂದ ಬಂದ ಹೊಸದರಲ್ಲಿ ಹಾಗೆಯೇ ತಿಳಿದಿದ್ದೆ. ಹಳೆಯ ಬಲ್ಬು ತಾನು ತಿಂದ ಶಕ್ತಿಯ ನೂರರಲ್ಲಿ ಸುಮಾರು ಐದು ಭಾಗವನ್ನಷ್ಟೇ ಬೆಳಕು ಮಾಡುತ್ತದೆ. ಉಳಿದದ್ದರಲ್ಲಿ ಹೆಚ್ಚಿನ ಪಾಲನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಬೆಳಕಿನ ಜೊತೆಗೇ ಆಚೆ ಎಸೆಯುತ್ತದೆ. ಆದ್ದರಿಂದ ಅದರ ಮುಂದೆ ಕೈ ಹಿಡಿದರೆ ಬಿಸಿ ತಾಗುತ್ತದೆ. ಎಲ್‌ಇಡಿ ಸುಮಾರು ಮೂರನೇ ಒಂದು ಭಾಗವನ್ನು ಬೆಳಕು ಮಾಡುತ್ತದೆ. ಅದರ ಬೆಳಕಿನಲ್ಲಿ ಬಿಸಿ ಇಲ್ಲವೆಂಬುದು ನಿಜ. ಆದರೆ ಉಳಿದ ಎರಡು ಭಾಗ ಉಷ್ಣವಾಗಿ ಅದರ ಬೆನ್ನಿನಲ್ಲೇ ಕೂಡುತ್ತದೆ. ಹೋಗಲು ದಾರಿ ಇಲ್ಲದಿದ್ದರೆ ಹರಳು ಕಾಯುತ್ತ ಹೋಗುತ್ತದೆ. ಕಾದ ಹರಳು ಕಡಿಮೆ ಬೆಳಕು ಕೊಡುತ್ತದೆ. ಬಹಳ ದಿನ ಹಾಗೆಯೇ ಉರಿದರೆ ಅದರ ಆಯುಷ್ಯವೂ ತಗ್ಗುತ್ತದೆ.

ಎಷ್ಟು ಕಾಯುತ್ತದೆ ಎಂದು ನೋಡಲು ಬಿಲ್ಲೆಯ ಬೆನ್ನಿಗೆ ಪ್ರಯೋಗಾಲಯದ ತಾಪಮಾಪಕದ ಬುರುಡೆಯನ್ನು ತಾಗಿಸಿ, ಹತ್ತಿ ಮುಚ್ಚಿ ದಾರದಿಂದ ಕಟ್ಟಿ. ಜ್ವರ ನೋಡುವ ತಾಪಮಾಪಕ ಬೇಡ! ಅದರ ಅಳತೆ 42 ಡಿಗ್ರಿ ಸೆಲ್ಸಿಯಸ್‌ಗೆ ಮುಗಿಯುತ್ತದೆ, ಹೆಚ್ಚು ಕಾದರೆ ಒಡೆಯುತ್ತದೆ. ನಮ್ಮ ಜಿಲ್ಲೆಯ ಮೇ ತಿಂಗಳ ಮಧ್ಯಾಹ್ನಕ್ಕೇ ಅದು ಸಾಲದು.

ಜನವರಿಯ ಒಂದು ಬೆಳಿಗ್ಗೆ ಕೋಣೆಯ ತಾಪ 24 ಡಿಗ್ರಿ ಇತ್ತು. ಬರಿಯ ಬಿಲ್ಲೆ ಕಾಲು ತಾಸಿನಲ್ಲಿ 58 ಡಿಗ್ರಿಗೆ ಹೋಗಿ ನಿಂತಿತು. ನಂತರ ಹಳೆಯ ಅಲ್ಯೂಮಿನಿಯಂ ತಾಟಿನಿಂದ ಅಂಗೈಯಗಲದ ತುಂಡು ಕತ್ತರಿಸಿ, ಅಂಚು ಅರೆದು ನುಣುಪು ಮಾಡಿ, ಬಿಲ್ಲೆಯನ್ನು ಎರಡು ಸ್ಕ್ರೂಗಳಿಂದ ಬಿಗಿದೆವು. ನಡುವೆ ಉಷ್ಣ ಸಾಗಿಸುವ ಬಿಳಿ ಪೇಸ್ಟು ಹಚ್ಚಿದೆವು. ಈ ಸಲ 34 ಡಿಗ್ರಿಯಲ್ಲೇ ನಿಂತಿತು. ಏಪ್ರಿಲ್ ಮಧ್ಯಾಹ್ನ ಕೋಣೆಯೇ 41 ಡಿಗ್ರಿ ಇದ್ದಾಗ ಮತ್ತೆ ಅಳೆದೆವು. ಬರಿಯ ಬಿಲ್ಲೆ 75, ತಾಟಿನ ಮೇಲಿನದು 51. ನಮ್ಮ ಅಳತೆ ಒಂದೆರಡು ಡಿಗ್ರಿ ಆಚೀಚೆ ಇರಬಹುದು. ಆದರೂ ಏನೋ ಕಾಣುತ್ತಿದೆಯಲ್ಲ? ಕಳೆದು ನೋಡಿ. ಎರಡೂ ದಿನ ಬರಿಯ ಬಿಲ್ಲೆ ಗಾಳಿಗಿಂತ 34 ಡಿಗ್ರಿ ಹೆಚ್ಚು ಕಾದಿತ್ತು, ತಾಟಿನ ಮೇಲಿನದು 10 ಡಿಗ್ರಿ ಹೆಚ್ಚು. ಎಲ್‌ಇಡಿ ತನ್ನ ಬಿಸಿಯನ್ನು ಸುತ್ತಲಿನ ಗಾಳಿಯ ಬಿಸಿಯ ಮೇಲೆ ಪೇರಿಸುತ್ತದೆ. ಚಳಿ ದೇಶದಲ್ಲಿ ಪರೀಕ್ಷಿಸಿದ ಬ್ಯಾಟ್ರಿ ಯಾದಗಿರಿ, ಶಹಾಪುರ, ಸುರಪುರದ ಜಳದಲ್ಲಿ ಹಾಗೆಯೇ ಇರಲಾರದು.

ತಪ್ಪು ಯಾರದು? ಬಿಸಿಯದೋ, ಸೆಲ್ಲಿನದೋ?

ಈಗ ಜಾತ್ರೆಯ ಬ್ಯಾಟ್ರಿ. ಬಿಚ್ಚಿ ನೋಡಿದರೆ ಎಲ್‌ಇಡಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿತ್ತು. ಹಿಂದೆ ಲೋಹವಿಲ್ಲ. ರೋಧಕವೂ ಇಲ್ಲ, ಸೆಲ್ಲುಗಳಿಂದ ನೇರ ಸಂಪರ್ಕ. ಮುಂದೆ ಒಂದು ದಪ್ಪ ಮಸೂರ. ಬಿಸಿಯೇ ಕಳ್ಳ ಎಂದು ನಾವೆಲ್ಲ ಆಗಲೇ ತೀರ್ಮಾನಿಸಿಬಿಟ್ಟೆವು.

ಹೊಸ ಸೆಲ್ ಹಾಕಿ ಅಳೆದೆವು. ಮೇಣದಬತ್ತಿ 20 ಸೆಂ.ಮೀ.ನಲ್ಲಿದ್ದಾಗ ಬ್ಯಾಟ್ರಿಯನ್ನು 4 ಮೀಟರ್ ಹಿಂದೆ ಒಯ್ಯಬೇಕಾಯಿತು. 20 ಪಟ್ಟು ದೂರ, ಅಂದರೆ ನಡುವಿನಲ್ಲಿ 400 ಬತ್ತಿಯ ತೀವ್ರತೆ! ಹುಡುಗರು ಹೋ ಎಂದರು. ಆರಿಸದೆ ಅರ್ಧ ತಾಸು ಬಿಟ್ಟು ಮತ್ತೆ ಅಳೆದಾಗ ದೂರ 2 ಮೀಟರಿಗೆ ಇಳಿದಿತ್ತು. ದೂರ ಅರ್ಧವಾದರೆ ತೀವ್ರತೆ ಕಾಲು ಭಾಗ, ನೂರೇ ಬತ್ತಿ. ಹುಡುಗನ ಅಪ್ಪ ಹೇಳಿದ್ದು ನಿಜವಾಗಿತ್ತು.

ಕಾರಣ ಬಿಸಿಯೇ ಎಂದು ಹೇಗೆ ಹೇಳುವುದು? ಆ ಹೊತ್ತಿಗೆ ಸೆಲ್ಲುಗಳೂ ದಣಿದಿರುತ್ತವಲ್ಲ? ಎರಡು ಕಾರಣಗಳು ಒಟ್ಟಿಗೆ ಇದ್ದಾಗ ಒಂದನ್ನು ಮಾತ್ರ ಬದಲಿಸಿ ನೋಡಬೇಕು. ಎಲ್‌ಇಡಿ ಬಿಸಿಯಾಗಿರುವಾಗಲೇ ಸರಸರನೆ ಹೊಸ ಸೆಲ್ ಹಾಕಿದೆವು. ಬಿಸಿಯೇ ಕಾರಣವಾಗಿದ್ದರೆ ಬೆಳಕು ಇನ್ನೂ ಮಂಕಾಗಿಯೇ ಇರಬೇಕಿತ್ತು. ಆದರೆ ದೂರ 3.8 ಮೀಟರಿಗೆ ಜಿಗಿಯಿತು! 19 ಪಟ್ಟು, ಅಂದರೆ 361 ಬತ್ತಿ. ಕಳೆದುಹೋಗಿದ್ದ 300ರಲ್ಲಿ 261 ಸೆಲ್ಲಿನ ಲೆಕ್ಕಕ್ಕೆ, ಬಿಸಿಯ ಲೆಕ್ಕಕ್ಕೆ ಉಳಿದದ್ದು 39 ಮಾತ್ರ. ನಮ್ಮ ಊಹೆ ತಪ್ಪಾಗಿತ್ತು. ಒಪ್ಪಿಕೊಂಡೆವು. ನಾಜೂಕಾದ ಸಣ್ಣ ಸೆಲ್ಲುಗಳಿಂದ ರೋಧಕವಿಲ್ಲದೆ ಒಮ್ಮೆಲೇ ಎಳೆದರೆ ಅವು ಬೇಗ ಬಸವಳಿಯುತ್ತವೆ. ಮೊದಲ ನಿಮಿಷದ ಥಳಕು ಅಂಗಡಿಯ ಗೋಡೆಗೆ ಸರಿ. ಹಾಗೆಂದು ಬಿಸಿ ನಿರಪರಾಧಿಯಲ್ಲ. ಅದು ಇವತ್ತಿನ ಬೆಳಕಿನಲ್ಲಿ ಕಡಿಮೆ ಕದಿಯುತ್ತದೆ, ಎಲ್‌ಇಡಿಯ ಬಾಳಿಕೆಯಲ್ಲಿ ಹೆಚ್ಚು ಕದಿಯುತ್ತದೆ.

ನಮ್ಮ ಬ್ಯಾಟ್ರಿಯ ದೂರ ಮೊದಲಿಗೆ 110 ಸೆಂ.ಮೀ., ಅರ್ಧ ತಾಸಿನ ನಂತರ 100 ಸೆಂ.ಮೀ. ಅಂದರೆ 30 ಬತ್ತಿ ಇದ್ದದ್ದು 25 ಆಯಿತು. ದೊಡ್ಡ ಸೆಲ್ಲು ತಾಳಿಕೊಂಡಿತ್ತು.

ಒಬ್ಬ ಹುಡುಗಿ ಕೂಡಲೇ ಕೇಳಿದಳು: “ಸರ್, ಮಂಕಾದರೂ ಅದು ನೂರು, ನಮ್ಮದು ಇಪ್ಪತ್ತೈದೇ ಅಲ್ರೀ?” ಒಳ್ಳೆಯ ಪ್ರಶ್ನೆ. ಅಂಕಿ ನೋಡಿದರೆ ಜಾತ್ರೆಯದೇ ಗೆದ್ದಿತ್ತು. ಆದರೆ ಎರಡು ಮೀಟರ್ ಮುಂದೆ ಅದರ ವೃತ್ತ ಒಂದು ಮೊರದಗಲ. ನಮ್ಮದು ಇಡೀ ದಾರಿಯನ್ನೂ ಎರಡೂ ಬದಿಯ ಹುಲ್ಲನ್ನೂ ಬೆಳಗುತ್ತಿತ್ತು. ಎರಡು ಮೀಟರ್ ದೂರದಲ್ಲಿ 25 ಬತ್ತಿ ಎಂದರೆ ಸುಮಾರು 6 ಲಕ್ಸ್, ಹುಣ್ಣಿಮೆಯ ಇಪ್ಪತ್ತೈದು ಪಟ್ಟು. ಕಾಲ ಕೆಳಗೆ ನೋಡಿ ನಡೆಯಲು ಅಷ್ಟು ಸಾಕು. ದೂರದ ಹೊಲದಲ್ಲಿ ದನ ಹುಡುಕಬೇಕಾದರೆ ಮಸೂರದ ಬ್ಯಾಟ್ರಿಯೇ ಬೇಕು.

ಹಗ್ಗದ ಪರೀಕ್ಷೆ

ಕತ್ತಲಲ್ಲಿ ಹಗ್ಗವನ್ನು ಕಂಡು ಹಾವೆಂದು ಹೆದರುವ ಮಾತನ್ನು ಕೇಳಿದ್ದೀರಿ. ನಾವು ಅದನ್ನು ತಿರುವಿ ಹಾಕಿದೆವು. ಸಂಜೆ ಕತ್ತಲಾದ ಮೇಲೆ, ಪಾಲಕರ ಸಮ್ಮುಖದಲ್ಲಿ, ಶಾಲೆಯ ಅಂಗಳದ ಕಾಲುದಾರಿಯ ಅಂಚಿಗೆ ಮೊಳದುದ್ದದ ಐದು ಹಗ್ಗದ ತುಂಡುಗಳನ್ನು ಎಸೆದೆವು. ಎಸೆದ ಜಾಗ ನಡೆಯುವವರಿಗೆ ಗೊತ್ತಿಲ್ಲ. ಒಬ್ಬೊಬ್ಬರೇ ಬ್ಯಾಟ್ರಿ ಹಿಡಿದು ಮಾಮೂಲು ವೇಗದಲ್ಲಿ ನಡೆದು, ಕಂಡ ಹಗ್ಗ ಎಣಿಸಬೇಕು. ಜಾತ್ರೆಯ ಬ್ಯಾಟ್ರಿ ಹಿಡಿದವರು ಮುಂದೆ ದೂರಕ್ಕೆ ಬೆಳಕು ಬಿಟ್ಟುಕೊಂಡು, ಕಾಲ ಪಕ್ಕದ ಹಗ್ಗವನ್ನೇ ದಾಟಿ ಹೋಗುತ್ತಿದ್ದರು. ಅಗಲ ಬೆಳಕಿನದು ಹಿಡಿದವರಿಗೆ ಹೆಚ್ಚು ಹಗ್ಗ ಕಂಡವು. ಅಲ್ಲೂ ಒಬ್ಬ ಒಂದನ್ನು ತುಳಿದ! ಹುಲ್ಲಿನ ಬಣ್ಣದ ಹಗ್ಗ ಅದು. ಬ್ಯಾಟ್ರಿ ಇದ್ದರೂ ಕಾಲಿಗೆ ಗಟ್ಟಿ ಬೂಟು, ಕೈಯಲ್ಲಿ ಕೋಲು ಬೇಕೆಂದು ಹಿರಿಯರು ಹೇಳುವುದು ಅದಕ್ಕೇ. ಅಕಸ್ಮಾತ್ ಹಾವು ಕಚ್ಚಿದರೆ ಮಂತ್ರ, ನಾಟಿ ಮದ್ದು ಎಂದು ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ.

ಮಾಡುವಾಗ ಒಂದು ಎಚ್ಚರಿಕೆ. ಚಾರ್ಜು ಮಾಡುವ ಲಿಥಿಯಂ ಸೆಲ್ ಇರುವ ಬ್ಯಾಟ್ರಿ, ಮೊಬೈಲಿನ ಹಳೆ ಸೆಲ್ಲು ಇವುಗಳನ್ನು ಬಿಚ್ಚಬೇಡಿ, ಚುಚ್ಚಬೇಡಿ. ಅವು ಹೊತ್ತಿಕೊಳ್ಳುತ್ತವೆ. ನಮ್ಮ ಪ್ರಯೋಗಕ್ಕೆ ಅಂಗಡಿಯ ಮಾಮೂಲು ಒಣಕೋಶಗಳೇ ಸಾಕು.

ನಾವು ಮಾಡಿದ ಬ್ಯಾಟ್ರಿಯನ್ನು ಆ ಹುಡುಗ ಮನೆಗೆ ಒಯ್ದ. ಪಿವಿಸಿ ಪೈಪಿನ ತುಂಡೇ ಅದರ ಮೈ, ತಾಟಿನ ತುಂಡು ಹಿಂದೆ ಗಾಳಿಗೆ ಚಾಚಿಕೊಂಡಿದೆ. ನೋಡಲು ಚೆಂದವಿಲ್ಲ. ಅವನಪ್ಪ ಒಂದು ವಾರ ಹೊಲಕ್ಕೆ ಒಯ್ದು ಒಂದೇ ದೂರು ಹೇಳಿ ಕಳಿಸಿದ್ದಾರೆ: ನೀರು ತಿರುವುವಾಗ ಸ್ವಿಚ್ಚಿನ ಸಂದಿಯಿಂದ ಒಳಗೆ ನೀರು ಇಳಿಯುತ್ತದೆ. ಹುಡುಗ ಈಗ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಬಕೆಟ್ಟಿನಲ್ಲಿ ಮುಳುಗಿಸಿ ಪರೀಕ್ಷೆ ಮಾಡುತ್ತಿದ್ದಾನೆ. ಎರಡು ಸಲ ಸೋರಿದೆ.